ಖಾಕಿ ಬಾತಿನ ವಂಶಾವಳಿ

ನಮ್ಮ ಕವಿಗಳು ಹಂಸೆಗೆ ಕೊಟ್ಟ ಮನ್ನಣೆಯಲ್ಲಿ ಕಿಂಚಿತ್ ಪಾಲೂ ಬಾತಿಗೆ ಸಂದಿಲ್ಲ. ನಳನ ಸಂದೇಶವನ್ನು ದಮಯಂತಿಗೆ ಮುಟ್ಟಿಸಿದ್ದು ಹಂಸೆ. ಹಾಲನ್ನು ನೀರಿನಿಂದ ಬೇರ್ಪಡಿಸುವ ಕೀರ್ತಿಯೂ ಅದರದೇ. ಅದರ ದಾಯಾದಿಯಾದ ಬಾತು ಮಾತ್ರ ಕೆಸರು ಕೆದಕುತ್ತ ಹಿತ್ತಲಿನಲ್ಲೇ ಉಳಿಯಿತು. ಆದರೆ ಹಿತ್ತಲಿಗೂ ಒಂದು ಇತಿಹಾಸವುಂಟು. ನಾನೀಗ ಹೇಳಹೊರಟಿರುವುದು ಇಂಗ್ಲೆಂಡಿನ ಒಂದು ಹಿತ್ತಲಿನ ಕಥೆ. ಅದರ ಒಂದೆಳೆ ನಮ್ಮ ಮಂಗಳೂರಿನ ಮಗ್ಗಕ್ಕೂ ತಗುಲಿಕೊಂಡಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಆ ದೇಶದ ಬಾತು ಸಾಕಣೆಗೆ ಹೆಸರಾಗಿದ್ದುದು ಐಲ್ಸ್‌ಬರಿ ಪಟ್ಟಣ. ಅಲ್ಲಿ ಡಕ್ ಎಂಡ್ ಎಂಬುದೊಂದು ಬಡವರ ಕೇರಿ. ಅಲ್ಲಿನ ಇಕ್ಕಟ್ಟಾದ ಮನೆಗಳಲ್ಲಿ ಬಿಳಿಯ ಬಾತುಮರಿಗಳು ಮನುಷ್ಯರೊಡನೆ ಒಂದೇ ಸೂರಿನಡಿ, ಎಷ್ಟೋ ಸಲ ಒಂದೇ ಕೋಣೆಯಲ್ಲಿ ಬೆಳೆಯುತ್ತಿದ್ದವು. ಮೊಟ್ಟೆ ಸುತ್ತಲಿನ ರೈತರದು, ಕಾವು ಕೋಳಿಯದು, ದುಡಿಮೆ ಕೇರಿಯವರದು, ತಿನ್ನುವ ಬಾಯಿ ಲಂಡನ್ನಿನ ಸಿರಿವಂತರದು. ಮರಿಗಳಿಗೆ ಎಂಟು ವಾರ ತುಂಬುವಷ್ಟರಲ್ಲಿ ಕೊಂದು, ಪುಕ್ಕ ತರಿದು, ರಾಜಧಾನಿಗೆ ಕಳುಹಿಸಿಬಿಡುತ್ತಿದ್ದರು. 1839ರಲ್ಲಿ ಊರಿಗೆ ರೈಲು ಬಂದ ಮೇಲಂತೂ ವ್ಯಾಪಾರ ಬಹಳ ಬೆಳೆಯಿತು. ಈಜಿದರೆ ಮೈ ಇಳಿದೀತೆಂದು ಮಾರಾಟದ ಮರಿಗಳನ್ನು ನೀರಿಗೇ ಬಿಡುತ್ತಿರಲಿಲ್ಲ. ಬಾತಾಗಿ ಹುಟ್ಟಿಯೂ ಕೊಳವನ್ನು ಕಾಣದೆ ಸತ್ತ ಬಾತುಗಳು ಅವು! ಸಾಕಿದವರ ಬಾಳೂ ಅದಕ್ಕಿಂತ ಬಹಳ ವಿಶಾಲವಾಗಿತ್ತೆಂದು ಹೇಳುವಂತಿಲ್ಲ.

ಹಿತ್ತಲಿನ ಬಾತನ್ನು ಮಾಂಸದ ಪೇಟೆಯಿಂದ ಮೊಟ್ಟೆಯ ಬುಟ್ಟಿಯ ಕಡೆಗೆ ತಿರುಗಿಸಿದವರಲ್ಲಿ ಮುಖ್ಯಳಾದವಳು ಗ್ಲಾಸ್ಟರ್‌ಷೈರಿನ ಯೂಲಿ ಎಂಬ ಹಳ್ಳಿಯ ಅಡೀಲ್ ಕ್ಯಾಂಪ್‌ಬೆಲ್ ಎಂಬ ಗೃಹಿಣಿ. ಆಕೆಯ ಬಳಿ ಇಂಡಿಯನ್ ರನ್ನರ್ ಜಾತಿಯ ಒಂದೇ ಒಂದು ಹೆಣ್ಣುಬಾತಿತ್ತು. ಅದು 196 ದಿನಗಳಲ್ಲಿ 182 ಮೊಟ್ಟೆಗಳನ್ನಿಟ್ಟಿತೆಂದು ದಾಖಲೆಯಿದೆ. ಹೆಚ್ಚುಕಡಿಮೆ ದಿನಕ್ಕೊಂದು! ಹಾಗೆ ಎಣಿಸಿ ಬರೆದಿಟ್ಟದ್ದೇ ಈ ಕಥೆಯ ಮೂಲವೆಂದು ನನ್ನ ಎಣಿಕೆ. ಎಣಿಸದ ಹಿತ್ತಲುಗಳಲ್ಲಿ ಅಂಥ ಬಾತುಗಳೆಷ್ಟು ಬಾಳಿ ಅಳಿದವೋ ಬಲ್ಲವರಾರು?

ಇಂಡಿಯನ್ ರನ್ನರ್ ಎಂಬ ಹೆಸರು ಕೇಳಿ ತಾವು ಹಿಗ್ಗಬೇಕಾಗಿಲ್ಲ. ಹಡಗಿನ ಕಪ್ತಾನನೊಬ್ಬ ಭಾರತದಿಂದ ತಂದನೆಂಬ ಪ್ರತೀತಿ ಆ ದೇಶದ ಕಂಬರ್‌ಲೆಂಡಿನಲ್ಲಿತ್ತು. ಆದರೆ ಅದರ ತವರು ಇಂಡೋನೇಷ್ಯದ ದ್ವೀಪಗಳು. 1856ರಲ್ಲಿ ಲೊಂಬೊಕ್ ದ್ವೀಪಕ್ಕೆ ಹೋಗಿದ್ದ ಆಲ್ಫ್ರೆಡ್ ರಸೆಲ್ ವಾಲೇಸ್, ಪೆಂಗ್ವಿನ್ನಿನಂತೆ ನೆಟ್ಟಗೆ ನಿಂತು ನಡೆಯುವ ಈ ಬಾತುಗಳನ್ನು ಕಂಡು, 1869ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಬರೆದ. ಅಕ್ಕಿಯ ಹಡಗುಗಳ ನಾವಿಕರು ಅವನ್ನು ಬಾಲಿಯ ಸಿಪಾಯಿಗಳೆಂದು ಕರೆಯುತ್ತಿದ್ದರಂತೆ. ಬೆಳಗಾದರೆ ಕೋಲು ಹಿಡಿದವನ ಹಿಂದೆ ಸಾಲಾಗಿ ಗದ್ದೆಗೆ ಹೋಗಿ, ಉದುರಿದ ಭತ್ತವನ್ನೂ ಹುಳುಹುಪ್ಪಟೆಯನ್ನೂ ಹೆಕ್ಕಿ, ಸಂಜೆಗೆ ಮರಳುವ ಪಕ್ಷಿಗೆ ಸಿಪಾಯಿ ಎಂಬ ಹೆಸರು ಒಪ್ಪುವಂಥದೇ.

ಮೊಟ್ಟೆಯಿಡುವುದರಲ್ಲಿ ಗಟ್ಟಿಗವಾದ ಈ ಬಾತಿನ ಮೈಯಲ್ಲಿ ಮಾಂಸವಿರಲಿಲ್ಲ. ಆದ್ದರಿಂದ ಆಕೆ ಅದನ್ನು ದಪ್ಪ ಮೈಯ ರೂಆನ್ ಜಾತಿಯ ಗಂಡಿನೊಡನೆ ಕೂಡಿಸಿದಳು. ತಾಳಿಕೆ ಹೆಚ್ಚಲೆಂದು ಮುಂದಿನ ಪೀಳಿಗೆಗೆ ಮಲ್ಲಾರ್ಡ್ ಎಂಬ ಕಾಡುಬಾತಿನ ರಕ್ತ ಬೆರೆಸಿದಳು. 1898ರಲ್ಲಿ ಹೊಸ ತಳಿ ಲೋಕಕ್ಕೆ ಪರಿಚಯವಾಯಿತು. ತೊಗಲಿನ ಹೊಂಬಣ್ಣದ ಕೋಳಿಗಳು ಆಗಿನ ಗೀಳು. ತನ್ನ ಬಾತಿಗೂ ಆ ಬಣ್ಣ ಬರಲೆಂದು 1901ರ ಸುಮಾರಿಗೆ ಮತ್ತೊಮ್ಮೆ ರನ್ನರ್ ಜಾತಿಯೊಡನೆ ಕೂಡಿಸಿ ನೋಡಿದಳು. ಬಂದದ್ದು ಹೊಂಬಣ್ಣವಲ್ಲ, ಮಣ್ಣಿನ ಬಣ್ಣ. ಆಗ ದಕ್ಷಿಣ ಆಫ್ರಿಕದಲ್ಲಿ ಬೋಯರ್ ಯುದ್ಧ ನಡೆದಿತ್ತು; ಸೈನಿಕರ ಉಡುಪಿನ ಬಣ್ಣ ಎಲ್ಲರ ಬಾಯಲ್ಲಿತ್ತು; 1900ರ ಚುನಾವಣೆಯನ್ನೇ ಖಾಕಿ ಚುನಾವಣೆ ಎಂದು ಕರೆದಿದ್ದರು. ಬಾತಿಗೂ ಖಾಕಿ ಎಂಬ ಹೆಸರಾಯಿತು.

ಖಾಕ್ ಎಂದರೆ ಪಾರಸಿಯಲ್ಲಿ ಧೂಳು. ಈ ಬಣ್ಣದ ಉಡುಪಿನ ಮೂಲವನ್ನು ಕೆಲವರು 1840ರ ದಶಕದಲ್ಲಿ ಪೇಷಾವರದಲ್ಲಿ ಲಮ್ಸ್‌ಡೆನ್ ಕಟ್ಟಿದ ಗೈಡ್ಸ್ ಪಡೆಯಲ್ಲಿ ಕಾಣುತ್ತಾರೆ. ಮಂಗಳೂರಿನವರು ಬಾಸೆಲ್ ಮಿಷನ್ನಿನ ನೇಯ್ಗೆಯ ಕಾರ್ಖಾನೆಯನ್ನೂ, 1851ರಲ್ಲಿ ಅಲ್ಲಿಗೆ ಬಂದ ನೇಕಾರ ಹಾಲರನನ್ನೂ ನೆನೆಯುತ್ತಾರೆ. ಹೆಸರಿಗೂ ಬಣ್ಣಕ್ಕೂ ಬೇರೆಬೇರೆ ತವರುಗಳಿರಬಾರದೇಕೆ? ವ್ಯಾಜ್ಯವನ್ನು ಇಲ್ಲಿ ತೀರ್ಮಾನಿಸುವುದು ಬೇಡ.

ಚಿಕ್ಕ ಹಿತ್ತಲಿಗೆ ಈ ಬಾತು ಹೊಂದಿಕೊಂಡದ್ದಕ್ಕೆ ಕಾರಣಗಳು ಸರಳವಾಗಿವೆ. ಕೆರೆಯೇ ಬೇಕೆಂಬ ಹಟ ಇದಕ್ಕಿಲ್ಲ. ತಲೆ ಮುಳುಗಿಸಿ ಕಣ್ಣು ಮೂಗು ತೊಳೆದುಕೊಳ್ಳುವಷ್ಟು ಆಳದ ನೀರಿನ ಬಾನಿಯಿದ್ದರೂ ಸಾಕು. ಬಸವನಹುಳುಗಳನ್ನು ಹುಡುಕಿ ತಿನ್ನುತ್ತದೆ. ಕೋಳಿಯಂತೆ ಪಾತಿಯನ್ನು ಕಾಲಿನಿಂದ ಕೆದರುವುದಿಲ್ಲ. ಆದರೆ ಎಳೆಯ ಸೊಪ್ಪನ್ನು ಉಳಿಸುವುದೂ ಇಲ್ಲ, ನೀರು ಚೆಲ್ಲಿದೆಡೆಯೆಲ್ಲ ರಾಡಿ ಮಾಡುತ್ತದೆ. ಗದ್ದಲವೆಲ್ಲ ಹೆಣ್ಣಿನದು, ಗಂಡಿನದು ಗೊಗ್ಗರು ದನಿ. ಮೊಟ್ಟೆಯಿಡುವುದು ಹೆಚ್ಚಾಗಿ ನಸುಕಿನಲ್ಲಿ. ಬೇಗ ಹೊರಗೆ ಬಿಟ್ಟರೆ ಮೊಟ್ಟೆಯನ್ನು ಪೊದೆಯಲ್ಲೋ ಕೆಸರಿನಲ್ಲೋ ಹುಡುಕಬೇಕು. ಒಳ್ಳೆಯ ಬಾತು ವರ್ಷಕ್ಕೆ 300 ಮೊಟ್ಟೆಯವರೆಗೂ ಇಡಬಲ್ಲುದು.

ಇಷ್ಟು ಕೊಟ್ಟ ಪಕ್ಷಿ ಒಂದನ್ನು ಕಳೆದುಕೊಂಡಿತು. ಮೊಟ್ಟೆಯಿಡುವುದಕ್ಕಾಗಿಯೇ ಆರಿಸಿ ಬೆಳೆಸಿದ ಈ ತಳಿಯ ಹೆಣ್ಣು ಕಾವಿಗೆ ಕೂರುವುದು ಅಪರೂಪ. ಕಾವಿಗೆ ಕೂತ ಹಕ್ಕಿ ಮೊಟ್ಟೆ ನಿಲ್ಲಿಸುತ್ತದೆ. ಮೊಟ್ಟೆ ನಿಲ್ಲಿಸಿದ್ದನ್ನು ಮನುಷ್ಯ ಆರಿಸಲಿಲ್ಲ. ಪೀಳಿಗೆ ಪೀಳಿಗೆಗೂ ಹೀಗೆ ತಾಯ್ತನವನ್ನು ಸೋಸಿ ತೆಗೆದಂತಾಯಿತು. ನನಗೆ ಇದು ಆ ಮೊಟ್ಟೆಗಳ ಲೆಕ್ಕದಲ್ಲಿ ಬರೆಯದೆ ಬಿಟ್ಟ ಖರ್ಚಿನಂತೆ ಕಾಣುತ್ತದೆ.

1980ರ ದಶಕದ ಆರಂಭದಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದ ಕೇಂದ್ರ ಸರ್ಕಾರದ ಬಾತು ಸಂವರ್ಧನ ಕ್ಷೇತ್ರಕ್ಕೆ ಖಾಕಿ ಕ್ಯಾಂಪ್‌ಬೆಲ್ ಬಂದಿತು. ದ್ವೀಪಗಳಿಂದ ಹೊರಟು, ಇಂಗ್ಲೆಂಡಿನಲ್ಲಿ ಹಿಂದೂಸ್ತಾನದ ಹೆಸರು ಹೊತ್ತು, ಕೊನೆಗೆ ಕನ್ನಡನಾಡನ್ನು ಸೇರಿದ ಪ್ರಯಾಣವಿದು. ಅಲ್ಲಿ ಯಂತ್ರ ಕಾವು ಕೊಡುತ್ತದೆ. ಯಂತ್ರವಿಲ್ಲದ ಮನೆಯಲ್ಲಿ ನಾಟಿಕೋಳಿಯೇ ಗತಿ. ಅದರ ಸ್ವಂತ ಮೊಟ್ಟೆಗೆ 21 ದಿನ ಸಾಕು, ಬಾತಿನ ಮೊಟ್ಟೆಗೆ 28 ದಿನ ಬೇಕು. ಆ ಹೆಚ್ಚಿನ ಒಂದು ವಾರವನ್ನು ಅದು ಕೂತೇ ಕಳೆಯುತ್ತದೆ. ಆಮೇಲೆ ಮರಿಗಳು ಬಾನಿಯ ನೀರಿಗಿಳಿದಾಗ ಸುತ್ತಲೂ ಓಡಾಡುತ್ತ ಕೂಗಿ ಕರೆಯುತ್ತದೆ.