ಬಾಸೆಲ್ ಮಿಶನ್ನಿನ ದುಡಿಮೆಯ ನೆಲೆಗಳಲ್ಲಿ ಪ್ರಾರ್ಥನೆ ಮತ್ತು ಯಜಮಾನಿಕೆ

ಹಡಗಲಿ ತಾಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಸಂದರ್ಭದಲ್ಲಿ ಕಾರಣಿಕ ನುಡಿಯುವ ಗೊರವಯ್ಯನು ಅದಕ್ಕೆ ಮೊದಲು ಹನ್ನೊಂದು ದಿನ ಉಪವಾಸ ವ್ರತದಲ್ಲಿರುತ್ತಾನೆ. ಡೆಂಕನಮರಡಿಯಲ್ಲಿ ಬಿಲ್ಲನ್ನೇರಿ ಅವನು ‘ಸದ್ದಲೇ’ ಎಂದಾಗ ಲಕ್ಷಾಂತರ ಜನ ಮೌನವಾಗುತ್ತಾರೆ. ಆ ಮೌನವನ್ನು ಅವನಿಗೆ ಗಳಿಸಿಕೊಟ್ಟದ್ದು ವ್ರತ. ವ್ರತ ಹಿಡಿದವನು ಅವನೊಬ್ಬನೇ. ಕೇಳುವವರ ಮೇಲೆ ಅದರ ಹೊರೆಯಿಲ್ಲ. ನುಡಿ ಮುಗಿದು ಕೆಳಗೆ ಬಿದ್ದೊಡನೆ ಅವನ ಅಧಿಕಾರವೂ ಮುಗಿಯುತ್ತದೆ. ಮರುದಿನ ಯಾರಿಗೆ ಕೂಲಿ ಎಷ್ಟು, ಯಾರಿಗೆ ಕೆಲಸವಿದೆ, ಯಾರಿಗಿಲ್ಲ ಎಂಬುದನ್ನು ಅವನು ನಿರ್ಧರಿಸುವುದಿಲ್ಲ.

ಪ್ರಾರ್ಥನೆಯ ಮುಂದಾಳುವೇ ಕೂಲಿ ಕೊಡುವ ಯಜಮಾನನೂ ಆದಲ್ಲಿ ಏನಾಗುತ್ತದೆ ಎಂಬ ಪ್ರಶ್ನೆಗೆ ಕರ್ನಾಟಕದ ಕ್ರೈಸ್ತ ಚರಿತ್ರೆಯಲ್ಲಿ ಸ್ಪಷ್ಟ ಉದಾಹರಣೆಯಿದೆ. ಮೈಲಾರ ಸೇರಿದ್ದ ಅಂದಿನ ಬಳ್ಳಾರಿ ಸೀಮೆಗೆ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲೇ ಬಂದಿದ್ದನು. ಅವನ ಹೆಸರು ಬೈಬಲ್ಲಿನ ಕನ್ನಡ ಅನುವಾದದೊಂದಿಗೆ ಉಳಿದಿದೆ. ಆದರೆ ದುಡಿಮೆಯ ನೆಲೆಯೊಳಗೆ ಪ್ರಾರ್ಥನೆಯನ್ನು ದಿನಚರಿಯಾಗಿ ತಂದದ್ದು ಬಾಸೆಲ್ ಮಿಶನ್. 1833ರ ಚಾರ್ಟರ್ ಕಾಯಿದೆ ಬ್ರಿಟಿಷರಲ್ಲದ ಮಿಶನರಿಗಳಿಗೂ ದಾರಿ ತೆರೆದ ಮೇಲೆ, 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಧಾರವಾಡ (1837), ಹುಬ್ಬಳ್ಳಿ (1839), ಬೆಟಗೇರಿ (1841) ಹೀಗೆ ಅವರ ಠಾಣೆಗಳು ತುಂಗಭದ್ರೆಯ ಆಚೆ ದಡದ ನಾಡಿಗೂ ಹಬ್ಬಿದವು.

ಜಾನಪದ ಅಧ್ಯಯನದ ದೃಷ್ಟಿಯಿಂದ ಬೆಟಗೇರಿಯ ನೆರೆಯ ಮಲ್ಲಸಮುದ್ರದ ಪ್ರಸಂಗ ಅತ್ಯಂತ ಕುತೂಹಲಕರವಾದುದು. ಮಿಶನರಿಗಳು ಹುಬ್ಬಳ್ಳಿಯಲ್ಲಿ ನೆಲೆನಿಂತ ಆರಂಭದ ದಿನಗಳಲ್ಲಿ ಕಾಲಜ್ಞಾನವನ್ನು ನಂಬುವ ಒಂದು ಪಂಗಡದವರು ಅವರನ್ನು ಹುಡುಕಿಕೊಂಡು ಬಂದರು. ತಮ್ಮ ವಚನಗಳಲ್ಲಿ ಮುಂದಾಗಿ ಹೇಳಿದ ಗುರುಗಳು ಇವರೇ ಇರಬೇಕೆಂದು ಅವರ ಭಾವನೆ. ಕೊಡೇಕಲ್ಲ ಬಸವಣ್ಣನ ಪರಂಪರೆಯಿಂದ ಮೈಲಾರದ ಕಾರಣಿಕದವರೆಗೆ ಬರಲಿರುವ ಕಾಲವನ್ನು ನುಡಿಯಲ್ಲಿ ಕಾಣುವ ಈ ನಾಡಿನ ರೂಢಿಯನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಮಿಶನರಿಗಳಿಗೆ ಮಾತ್ರ ಅದು ತಮ್ಮ ಪ್ರಾರ್ಥನೆಗೆ ದೊರೆತ ಉತ್ತರದಂತೆ ತೋರಿತು. ಹೊಸ ವಿಶ್ವಾಸಿಗಳು ಉತ್ತುಬಿತ್ತು ಬಾಳಲೆಂದು 1841ರಲ್ಲಿ ಮಲ್ಲಸಮುದ್ರದಲ್ಲಿ ಕೃಷಿ ವಸಾಹತು ಸ್ಥಾಪನೆಯಾಯಿತು. ನಿರೀಕ್ಷಿಸಿದ ಕುಟುಂಬಗಳು ಬಂದು ನೆಲೆಸಲಿಲ್ಲ, ಪ್ರಯೋಗ ಫಲಿಸಲಿಲ್ಲ. ಬಂದವರು ನುಡಿದಂತೆ ನಡೆಯುವ ಗುರುವನ್ನು ಅರಸಿದ್ದರು, ಕರೆದವರು ಹೊಲವನ್ನೂ ದಿನಚರಿಯನ್ನೂ ಮುಂದಿಟ್ಟರು ಎಂಬುದು ನನ್ನ ತಿಳಿವಳಿಕೆ. ನಂಬಿಕೆಯ ಎರಡು ಭಾಷೆಗಳು ಒಂದನ್ನೊಂದು ತಪ್ಪಾಗಿ ಕೇಳಿಸಿಕೊಂಡ ಸನ್ನಿವೇಶವಿದು.

ಕರಾವಳಿಯಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ಅಲ್ಲಿ ಮತಾಂತರ ಹೊಂದಿದವರಲ್ಲಿ ಬಿಲ್ಲವರು ಗಣನೀಯವಾಗಿದ್ದರು. ಭೂತಾರಾಧನೆಯನ್ನು ಬಿಟ್ಟವನು ಕುಟುಂಬದಿಂದ ಹೊರಗಾಗುತ್ತಿದ್ದನು. ಕಳ್ಳು ಇಳಿಸುವ ಕಸುಬನ್ನು ಸಭೆ ಒಪ್ಪುತ್ತಿರಲಿಲ್ಲ. ಧಣಿಯ ಗೇಣಿ ಭೂಮಿಯೂ ಕೈತಪ್ಪುವ ಭಯವಿತ್ತು. ಒಂದು ನಂಬಿಕೆಯನ್ನು ಬಿಡುವುದೆಂದರೆ ಅನ್ನದ ದಾರಿಯನ್ನೇ ಬಿಡುವುದು ಎಂಬಂತಿದ್ದ ಈ ಇಕ್ಕಟ್ಟೇ ಮಿಶನ್ನಿನ ಉದ್ಯಮಗಳಿಗೆ ಮೂಲ. 1841ರಲ್ಲಿ ಮುದ್ರಣಾಲಯ, 1851ರಲ್ಲಿ ಜಾನ್ ಹಾಲರನ ನೇತೃತ್ವದಲ್ಲಿ ನೇಯ್ಗೆ, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟನು ಜೆಪ್ಪುವಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆ ಹೀಗೆ ಅವು ಬೆಳೆದವು. ಖಾಕಿ ಬಣ್ಣದ ಕೀರ್ತಿಯನ್ನು ಹಾಲರನಿಗೆ ಸಲ್ಲಿಸುವ ಹೇಳಿಕೆಯೂ ಪ್ರಚಲಿತವಾಗಿದೆ. ನೇತ್ರಾವತಿಯ ದಡದ ಜೇಡಿಮಣ್ಣು ಹೆಂಚಾಗಿ ದೂರದೂರದ ಮನೆಗಳ ಮಾಡನ್ನು ಹೊದೆಯಿತು.

ಈ ಕಾರ್ಖಾನೆಗಳಲ್ಲಿ ದಿನದ ಕೆಲಸ ಪ್ರಾರ್ಥನೆಯೊಂದಿಗೆ ಮೊದಲಾಗುತ್ತಿತ್ತು. ಮಿಶನರಿಗಳಲ್ಲಿ ಅನೇಕರು ವುರ್ಟೆಂಬರ್ಗ್ ಸೀಮೆಯ ರೈತರ, ಕುಶಲಕರ್ಮಿಗಳ ಮನೆಯವರು. ಅಲ್ಲಿನ ಪಯಟಿಸ್ಟ್ ಭಕ್ತಿಪಂಥದಲ್ಲಿ ಬೆಳೆದವರು. ಅವರ ಮಟ್ಟಿಗೆ ಮಗ್ಗ ಮತ್ತು ಮೊಣಕಾಲೂರುವಿಕೆ ಬೇರೆಬೇರೆಯಲ್ಲ. ಮೇಲ್ವಿಚಾರಣೆ ಮಾಡುತ್ತಿದ್ದ ‘ಸಹೋದರ’ನು ಏಕಕಾಲಕ್ಕೆ ಕಸುಬಿನ ಗುರು, ಕೂಲಿಯ ಯಜಮಾನ ಮತ್ತು ಭಕ್ತಿಯ ಮುಂದಾಳು. ಇದರಿಂದ ಯಜಮಾನನ ಮೇಲೂ ಒಂದು ಕಟ್ಟು ಬಿದ್ದಿತೆಂಬುದನ್ನು ಮರೆಯಬಾರದು. ಬೆಳಗ್ಗೆ ಕೂಲಿಯವನೊಡನೆ ತಲೆಬಾಗಿದವನು ಸಂಜೆ ಅವನನ್ನು ಪಶುವಿನಂತೆ ಕಾಣುವುದು ಸುಲಭವಲ್ಲ. ಭಾನುವಾರದ ಬಿಡುವು, ಕಾಯಿಲೆ ಬಿದ್ದ ಕೆಲಸಗಾರನಿಗಾಗಿ ನಿಧಿ ಮುಂತಾದ ಏರ್ಪಾಡುಗಳು ಇದೇ ಮನೋಧರ್ಮದಿಂದ ಹುಟ್ಟಿದವು.

ಆದರೂ ಇದರ ಇನ್ನೊಂದು ಮಗ್ಗುಲನ್ನು ಮಿಶನ್ನಿನ ಸ್ವಂತ ಚರಿತ್ರೆಗಳು ಲಘುವಾಗಿ ದಾಟಿಬಿಡುತ್ತವೆ. ಪ್ರಾರ್ಥನೆ ಕೆಲಸದ ಗಂಟೆಗೆ ಜೋಡಿಯಾದಾಗ ಭಕ್ತಿಗೂ ಹಾಜರಿಗೂ ನಡುವಿನ ಗೆರೆ ಮಸುಕಾಗುತ್ತದೆ. ಕಾರ್ಖಾನೆಗಳಲ್ಲಿ ಕ್ರೈಸ್ತರಲ್ಲದವರೂ ದುಡಿಯುತ್ತಿದ್ದರು. ತಲೆಬಾಗಿದವರಲ್ಲಿ ದೇವರಿಗೆ ಬಾಗಿದವರು ಯಾರು, ಧಣಿಗೆ ಬಾಗಿದವರು ಯಾರು ಎಂದು ಹೇಳಲು ಬರುವುದಿಲ್ಲ. ಭೂತದ ಕೋಲದಲ್ಲಿ ಬಿಲ್ಲವನು ದೈವದ ಮುಂದೆ ನಿಂತು ತನ್ನ ದೂರನ್ನು ಬಾಯಿಬಿಟ್ಟು ಹೇಳಬಲ್ಲನು. ದೈವ ಧಣಿಯನ್ನೂ ಕರೆದು ಕೇಳುತ್ತದೆ. ಕಾರ್ಖಾನೆಯ ಪ್ರಾರ್ಥನೆಯಲ್ಲಿ ಅಂಥ ಮಾರುತ್ತರಕ್ಕೆ ಎಡೆಯಿರಲಿಲ್ಲ. ಯಜಮಾನನೇ ಪ್ರಾರ್ಥನೆಯನ್ನು ನಡೆಸಿದಾಗ ಯಜಮಾನನ ವಿರುದ್ಧದ ಮೊರೆಯನ್ನು ಯಾರ ಮುಂದೆ ಇಡಬೇಕು? ನನ್ನ ದೃಷ್ಟಿಯಲ್ಲಿ ಈ ನೇತೃತ್ವದ ಮುಖ್ಯ ಕೊರತೆ ಇದು. ಮುಂದಾಳುಗಳ ಪ್ರಾಮಾಣಿಕತೆಯನ್ನು ಶಂಕಿಸದೆಯೇ ಇದನ್ನು ಹೇಳಬಹುದು.

ಮಿಶನ್ನಿಗೂ ಈ ತೊಡಕಿನ ಅರಿವು ಸ್ವಲ್ಪಮಟ್ಟಿಗೆ ಇದ್ದಿರಬೇಕು. 1859ರಲ್ಲಿ ಬಾಸೆಲ್‌ನಲ್ಲಿ ವ್ಯಾಪಾರಕ್ಕೆಂದೇ ಪ್ರತ್ಯೇಕ ಷೇರು ಕಂಪೆನಿಯನ್ನು ಸ್ಥಾಪಿಸಲಾಯಿತು. ಲೆಕ್ಕದ ಪುಸ್ತಕ ಬೇರೆಯಾದರೂ ಮಂಗಳೂರಿನ ಕೆಲಸಗಾರನ ಕಣ್ಣಿಗೆ ಕಾರ್ಖಾನೆ, ಶಾಲೆ, ಸಭೆ ಎಲ್ಲವೂ ಒಂದೇ ಮನೆಯವು.

ಅವುಗಳನ್ನು ಬಿಡಿಸಿದ್ದು ಯಾವ ತಾತ್ವಿಕ ಚರ್ಚೆಯೂ ಅಲ್ಲ, ಮೊದಲ ಮಹಾಯುದ್ಧ. 1914ರ ನಂತರ ಜರ್ಮನ್ ಮಿಶನರಿಗಳು ಶತ್ರುದೇಶದವರೆನಿಸಿ ಬಂಧನಕ್ಕೊಳಗಾದರು. ಉದ್ಯಮಗಳು ಸರ್ಕಾರದ ವಶವಾಗಿ ಮುಂದೆ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಸಭೆಗಳ ಹೊಣೆ ದೇಶೀಯ ಬೋಧಕರ ಮತ್ತು ಹಿರಿಯರ ಹೆಗಲಿಗೆ ಹೆಚ್ಚುಹೆಚ್ಚಾಗಿ ಬಂದಿತು. ಕೂಲಿಯನ್ನು ಎಣಿಸಿಕೊಡುವ ಕೈಯೂ ಪ್ರಾರ್ಥನೆಗೆ ಜೋಡಿಸಿದ ಕೈಯೂ ಒಬ್ಬನದೇ ಆಗಿದ್ದ ಏರ್ಪಾಡು ಅಲ್ಲಿಗೆ ಕಡಿಯಿತು.