ಕಚೇರಿ ಪೀಠೋಪಕರಣ: ಆಳಂದ, ಅಫಜಲಪುರ, ಜೇವರ್ಗಿ

ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕುಗಳ ಸರ್ಕಾರಿ ಕಚೇರಿಗಳ ಮೇಜು, ಕುರ್ಚಿ, ಕಪಾಟುಗಳ ಚರಿತ್ರೆ ದಾಖಲೆಗಳ ಚರಿತ್ರೆಯ ಜೊತೆಜೊತೆಗೇ ಸಾಗಿದೆ. ಕಾಗದವನ್ನು ಬರೆಯುವ, ಕಾಯುವ ಕ್ರಮ ಬದಲಾದಂತೆಲ್ಲ ಪೀಠೋಪಕರಣದ ಅಳತೆಯೂ ಬದಲಾಗಿದೆ.

ನಿಜಾಮರ ಕಾಲ: 1948ರವರೆಗೆ ಈ ಪ್ರದೇಶ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸಂಸ್ಥಾನದ ದಿವಾನ ಮೊದಲನೆಯ ಸಾಲಾರ್ ಜಂಗ್ 1865ರಲ್ಲಿ ಜಿಲ್ಲಾಬಂದಿ, ಅಂದರೆ ಜಿಲ್ಲೆಗಳ ಆಡಳಿತ ವ್ಯವಸ್ಥೆ, ಜಾರಿಗೆ ತಂದ ಮೇಲೆ ಕಂದಾಯದ ಬರವಣಿಗೆ ಹೆಚ್ಚಿತು. ಹಳೆಯ ದಫ್ತರಗಳಲ್ಲಿ ಕಾರಕೂನರು ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಇಳಿಜಾರಾದ ಗಿಡ್ಡ ಡೆಸ್ಕಿನ ಮೇಲೆ ಬರೆಯುತ್ತಿದ್ದರು. ಮುಚ್ಚಳ ಎತ್ತಿದರೆ ಒಳಗೆ ದೌತಿ, ಲೆಕ್ಕಣಿಕೆ, ಮೊಹರು. ಬಟ್ಟೆಯಲ್ಲಿ ಕಟ್ಟಿದ ಕಡತಗಳಿಗೆ ಗೋಡೆಯ ಗೂಡೇ ಕಪಾಟು. ಎತ್ತರದ ಮೇಜು, ಬೆತ್ತ ಹೆಣೆದ ಕುರ್ಚಿ ಬಂದದ್ದು ಬ್ರಿಟಿಷ್ ಮಾದರಿಯಿಂದ.

ಮರ ಮತ್ತು ಕಲ್ಲು: ತೊಗರಿ, ಜೋಳದ ಈ ಎರೆನೆಲದಲ್ಲಿ ಸಾಗುವಾನಿಯ ಕಾಡಿಲ್ಲ. ಬದುವಿನ ಜಾಲಿ, ಬೇವು ಬಂಡಿಗೂ ಕುಂಟೆಗೂ ಒದಗುತ್ತಿದ್ದವು. ಒಳ್ಳೆಯ ಸಾಗುವಾನಿ ಹೊರಗಿನಿಂದಲೇ ಬರಬೇಕಿತ್ತು. ಜೇವರ್ಗಿಗೆ ಹತ್ತಿರದ ಶಹಾಬಾದಿನ ಫರ್ಸಿಕಲ್ಲು ಮಾತ್ರ ಹೇರಳ. ಗೋಡೆಯಲ್ಲಿ ಕೂಡಿಸಿದ ಫರ್ಸಿಯ ಹಲಗೆಗೆ ಗೆದ್ದಲಿನ ಭಯವಿಲ್ಲ.

1956ರ ನಂತರ: ರಾಜ್ಯ ಪುನರ್ವಿಂಗಡಣೆಯಲ್ಲಿ ಮೂರೂ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಅದೇ ವರ್ಷ ಬೆಂಗಳೂರಿನಲ್ಲಿ ಪೂರ್ಣಗೊಂಡ ವಿಧಾನಸೌಧ, ಸಚಿವ ಸಂಪುಟದ ಕೊಠಡಿಗೆ ಕೆತ್ತಿದ ಗಂಧದ ಬಾಗಿಲಿನಿಂದ ಕುಶಲಕರ್ಮಿಗಳ ಹಿರಿಮೆಯನ್ನು ತೋರಿತು. ಆದರೆ ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳಲ್ಲಿ ಕ್ರಮೇಣ ಉಕ್ಕಿನ ಕಪಾಟು, ರ‍್ಯಾಕುಗಳು ನೆಲೆಯೂರಿದವು. ಬೆಂಗಳೂರಿನ ಕೇಂದ್ರ ಕಾರಾಗೃಹದ ಬಡಗಿ ವಿಭಾಗವೂ ರಾಜ್ಯ ಅರಣ್ಯ ಕೈಗಾರಿಕಾ ನಿಗಮವೂ ಸರ್ಕಾರಿ ಕಚೇರಿಗಳಿಗೆ ಪೀಠೋಪಕರಣ ಮಾಡಿಕೊಟ್ಟಿವೆ.

ಟೆಂಡರು ಮತ್ತು ಗಣಕಯಂತ್ರ: ಕರ್ನಾಟಕದ 1999ರ ಸಾರ್ವಜನಿಕ ಸಂಗ್ರಹಣೆ ಪಾರದರ್ಶಕತೆ ಕಾಯ್ದೆ ಖರೀದಿಗೆ ಶಿಸ್ತು ತಂದಿತು. ಆದರೆ ಠೇವಣಿ, ವಹಿವಾಟಿನ ಪುರಾವೆ ಒದಗಿಸಲಾಗದ ಒಂಟಿ ಬಡಿಗೇರನಿಗೆ ದೊಡ್ಡ ಟೆಂಡರು ಕೈಗೆಟುಕುವುದು ಕಷ್ಟ. ಅದೇ ಹೊತ್ತಿಗೆ ‘ಭೂಮಿ’ ಯೋಜನೆ ಕೈಬರಹದ ಪಹಣಿಯನ್ನು ಗಣಕಯಂತ್ರಕ್ಕೆ ಏರಿಸಿತು. ಮಾನಿಟರು, ಪ್ರಿಂಟರು, ಪಹಣಿಗೆ ಬಂದ ರೈತ ಇವರಿಗೆಲ್ಲ ಹೊಂದುವ ಕಿಂಡಿಮೇಜು ಬೇಕಾಯಿತು. 2024ರ ‘ಭೂ ಸುರಕ್ಷಾ’ ಯೋಜನೆಯಲ್ಲಿ ಹಳೆಯ ದಾಖಲೆಗಳು ಸ್ಕ್ಯಾನ್ ಆಗತೊಡಗಿದವು.

ದಾಖಲೆಯ ಕ್ರಮ ಬದಲಾದರೂ ಹಳೆಯ ಪೀಠೋಪಕರಣವನ್ನು ಎಸೆಯಬೇಕಿಲ್ಲ. ಸಾಗುವಾನಿಯ ಕುರ್ಚಿಯ ಬೆತ್ತ ಹರಿದರೆ ಮತ್ತೆ ಹೆಣೆಯಬಹುದು, ಕಾಲು ಸಡಿಲಾದರೆ ಕಚ್ಚು ಬಿಗಿಸಬಹುದು. ನೀರು ಕುಡಿದು ಉಬ್ಬಿದ ಪಾರ್ಟಿಕಲ್ ಬೋರ್ಡನ್ನು ಎಸೆಯುವುದೊಂದೇ ದಾರಿ. ಹಳೆಯ ಮರಮುಟ್ಟುಗಳನ್ನು ಹರಾಜಿಗೆ ಹಾಕುವ ಮುನ್ನ ಊರಿನ ಬಡಿಗೇರರಿಂದ ದುರಸ್ತಿ ಮಾಡಿಸಿದರೆ ಸರ್ಕಾರದ ಹಣವೂ ಉಳಿಯುತ್ತದೆ, ಕಸುಬೂ ಉಳಿಯುತ್ತದೆ.