ಮೈನಿಂಗ್‌ಗೆ ಬಳಸಿದ ಗ್ರಾಫಿಕ್ಸ್ ಕಾರ್ಡ್ ಕೊಂಡರೆ ದುಡ್ಡು ದಂಡವೇ? ನಿಜ ತಿಳಿಯಿರಿ

"ರೀಫರ್ಬಿಶ್ಡ್ ಗ್ರಾಫಿಕ್ಸ್ ಕಾರ್ಡ್‌ಗಳೆಲ್ಲ ಮೈನಿಂಗ್‌ನಲ್ಲಿ ಸುಟ್ಟು ಬಂದವು, ಕೊಂಡರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ" ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಎಷ್ಟು ನಿಜ?

ಎಥೀರಿಯಂ ಎಂಬ ಕ್ರಿಪ್ಟೋ ಹಣದ ಮೈನಿಂಗ್‌ಗೆ ಗ್ರಾಫಿಕ್ಸ್ ಕಾರ್ಡ್ ಬೇಕಿತ್ತು. 2022ರ ಸೆಪ್ಟೆಂಬರ್ 15ರಂದು ಅದು ಬೇರೆ ವಿಧಾನಕ್ಕೆ ಬದಲಾಯಿತು. ಕೆಲಸವಿಲ್ಲದ ಕಾರ್ಡ್‌ಗಳು ರಾಶಿರಾಶಿಯಾಗಿ ಮಾರುಕಟ್ಟೆಗೆ ಬಂದವು. ಭಯ ಹುಟ್ಟಿದ್ದು ಹೀಗೆ.

ನಿಜವಾಗಿ ಸವೆಯುವುದು ಏನು?
ಹಗಲುರಾತ್ರಿ ದುಡಿದ ಕಾರ್ಡ್‌ನಲ್ಲಿ ಮೊದಲು ಸವೆಯುವುದು ಫ್ಯಾನ್. ಚಿಪ್‌ನ ಬಿಸಿಯನ್ನು ಹೊರಹಾಕಲು ನೆರವಾಗುವ ಥರ್ಮಲ್ ಪೇಸ್ಟ್ ಮತ್ತು ಪ್ಯಾಡ್‌ಗಳೂ ಒಣಗುತ್ತವೆ. ಇವನ್ನು ಬದಲಾಯಿಸಬಹುದು. ಕರೆಂಟ್ ಉಳಿಸಲು ಅನೇಕ ಮೈನರ್‌ಗಳು ವೋಲ್ಟೇಜ್ ತಗ್ಗಿಸಿಯೇ ಕಾರ್ಡ್ ಓಡಿಸುತ್ತಿದ್ದರು. ಆದರೆ ಸದಾ ವಿಪರೀತ ಬಿಸಿಯಲ್ಲಿದ್ದ ಮೆಮೊರಿ ಚಿಪ್ ಕೆಟ್ಟರೆ ರಿಪೇರಿ ಕಷ್ಟ, ದುಬಾರಿ.

ರೀಫರ್ಬಿಶ್ಡ್ ಎಂದರೆ?
ಪರೀಕ್ಷಿಸಿ, ಸರಿಪಡಿಸಿ, ವಾರಂಟಿಯೊಡನೆ ಮಾರುವುದು. ಧೂಳು ಒರೆಸಿ ಮಾರುವುದೂ ಇದೇ ಹೆಸರಿನಲ್ಲಿ ನಡೆಯುತ್ತದೆ. ಹಾಗಾಗಿ ಹೆಸರನ್ನಲ್ಲ, ಬಿಲ್ ನೋಡಿ.

ಕೊಳ್ಳುವ ಮುನ್ನ
• ಬಿಲ್‌ನಲ್ಲಿ ಸೀರಿಯಲ್ ನಂಬರ್ ಮತ್ತು ವಾರಂಟಿ ಅವಧಿ ಬರೆಸಿಕೊಳ್ಳಿ.
• ಅರ್ಧ ಗಂಟೆ ಭಾರವಾದ ಗೇಮ್ ಓಡಿಸಿ. ಪರದೆಯಲ್ಲಿ ಚುಕ್ಕೆ, ಗೆರೆ ಬಂದರೆ, ಕಂಪ್ಯೂಟರ್ ತಾನಾಗಿ ಆಫ್ ಆದರೆ ಬೇಡ.
• ಜಿಪಿಯು-ಝಡ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ ನೋಡಿ. ಹಳೆಯ ಕಾರ್ಡ್‌ಗೆ ಹೊಸ ಮಾಡೆಲ್‌ನ ಹೆಸರು ತುಂಬಿ ಮಾರುವ ಮೋಸವಿದೆ. ಇಂಥ ಅನೇಕ ನಕಲಿ ಎನ್‌ವಿಡಿಯಾ ಕಾರ್ಡ್‌ಗಳನ್ನು ಇದು ಗುರುತಿಸುತ್ತದೆ.
• ಮಾನಿಟರ್ ಜೋಡಿಸುವ ಪೋರ್ಟ್ ಇದೆಯೇ ನೋಡಿ. ಮೈನಿಂಗ್‌ಗೆಂದೇ ತಯಾರಾದ ಕೆಲವು ಕಾರ್ಡ್‌ಗಳಲ್ಲಿ ಅದು ಇರುವುದಿಲ್ಲ.

ಹೊಸದು ಯಾವಾಗ?
ಅನೇಕ ಹೊಸ ಕಾರ್ಡ್‌ಗಳಿಗೆ 3 ವರ್ಷದ ವಾರಂಟಿ ಇರುತ್ತದೆ. ಬೆಲೆಯ ವ್ಯತ್ಯಾಸ ಕಡಿಮೆ ಇದ್ದರೆ, ವಿಡಿಯೋ ಎಡಿಟಿಂಗ್‌ನಂತಹ ಕೆಲಸದಿಂದಲೇ ನಿಮ್ಮ ಸಂಪಾದನೆ ನಡೆಯುತ್ತಿದ್ದರೆ ಹೊಸದೇ ಕೊಳ್ಳಿ. ಓದುವ ಮಕ್ಕಳಿಗೆ ಕಡಿಮೆ ಹಣದಲ್ಲಿ ಬೇಕಿದ್ದರೆ, ಪರೀಕ್ಷೆ ಮಾಡಲು ಬಿಟ್ಟು ಬಿಲ್ ಕೊಡುವ ಅಂಗಡಿಯಿಂದ ರೀಫರ್ಬಿಶ್ಡ್ ಕೊಳ್ಳಬಹುದು.

ನಮ್ಮ ತೀರ್ಮಾನ: ಈ ಮಾತು ಅರ್ಧ ಸತ್ಯ. ಮೈನಿಂಗ್‌ನಲ್ಲಿ ದುಡಿದ ಮಾತ್ರಕ್ಕೆ ಕಾರ್ಡ್ ಕೆಟ್ಟದ್ದಲ್ಲ. ಆದರೆ ಪರೀಕ್ಷಿಸಲು ಬಿಡದ, ಬಿಲ್ ಕೊಡದ ಕಡೆ ಎಷ್ಟೇ ಅಗ್ಗವಾಗಿ ಸಿಕ್ಕರೂ ಕೊಳ್ಳಬೇಡಿ.